ಸರ್ಕಾರಿ ಗಣಕಯಂತ್ರದಲ್ಲಿ ಮಾರ್ಗ ಮತ್ತು ದೇಶಿ: ಒಂದು ಸೈದ್ಧಾಂತಿಕ ಅನುಸಂಧಾನ

ಪೀಠಿಕೆ

ನೀರಾವರಿ ಉಪವಿಭಾಗವೊಂದರ ಡ್ರಾಯಿಂಗ್ ಬ್ರಾಂಚಿನಲ್ಲಿರುವ ಗಣಕಯಂತ್ರವು ಕೇವಲ ಯಂತ್ರವಲ್ಲ, ಅದೊಂದು ಸಾಂಸ್ಕೃತಿಕ ಪಠ್ಯ. ಆ ಪಠ್ಯದ ಮೇಲೆ ಆಟೋಕ್ಯಾಡ್ ಎಂಬ ಇನ್ನೊಂದು ಪಠ್ಯವನ್ನು ಹೇರಿದಾಗ ಸಂಭವಿಸುವ ಮುಖಾಮುಖಿ, ಪಲ್ಲಟ, ಸ್ಥಿತ್ಯಂತರ, ಮತ್ತು ಸ್ಥಿತ್ಯಂತರವಾದ ಮೇಲೆ ಪವರ್ ಬಟನ್ನನ್ನು ಒತ್ತಿ ಹಿಡಿಯುವ ಪ್ರಕ್ರಿಯೆ, ಇವನ್ನೆಲ್ಲ ಬಹುಶಿಸ್ತೀಯ ನೆಲೆಯಲ್ಲಿ ಅನುಸಂಧಾನಕ್ಕೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಆಶಯ. ಈ ಭಾಷೆ ನನ್ನದಲ್ಲ. 'ಡಿಜಿಟಲ್ ಪರಿವರ್ತನೆ' ಕುರಿತು ನಮಗೆ ಕಾರ್ಯಾಗಾರ ನಡೆಸಿಕೊಟ್ಟ ಸಂಪನ್ಮೂಲ ವ್ಯಕ್ತಿಗಳು ಊಟದ ಹೊತ್ತಿನವರೆಗೂ ಹೀಗೇ ಮಾತಾಡಿದರು. ಅವರ ಲ್ಯಾಪ್‌ಟಾಪು ಹೊಸದಾಗಿತ್ತು.

ಅಧ್ಯಯನದ ವ್ಯಾಪ್ತಿ: ಒಂದು ಕೋಣೆ, ಮೂರು ಕಂಪ್ಯೂಟರು, ಅವುಗಳಲ್ಲಿ ನಡೆಯುವಂಥವು ಎರಡು. ಅಧ್ಯಯನದ ಮಿತಿ: 2 ಜಿಬಿ.

ಅಧ್ಯಾಯ 1: ಕಾಲವಿಭಜನೆಯ ಸಮಸ್ಯೆ

ಕನ್ನಡ ಸಾಹಿತ್ಯ ಚರಿತ್ರೆಯನ್ನು ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ವಿಂಗಡಿಸಿದ ವಿದ್ವಾಂಸರ ಜಾಡಿನಲ್ಲೇ ನಕ್ಷೆಕಡತದ ಚರಿತ್ರೆಯನ್ನೂ ವಿಂಗಡಿಸಬಹುದು. ಆಟೋಕ್ಯಾಡ್ ಹುಟ್ಟಿದ್ದು 1982ರಲ್ಲಿ. ಈಚಿನ ಕಾಲವನ್ನಷ್ಟೇ ಹಿಡಿದರೂ 2000, 2004, 2007, 2010, 2013, 2018 ಎಂಬ ಆವೃತ್ತಿಗಳಲ್ಲಿ ಡಿಡಬ್ಲ್ಯುಜಿ ಕಡತದ ಒಳಕಟ್ಟು ಬದಲಾಗಿದೆ. ಹೊಸ ಯುಗದವರು ಹಳೆಯದನ್ನು ಓದಬಲ್ಲರು, ಹಳೆಯ ಯುಗದವರು ಹೊಸದನ್ನು ಓದಲಾರರು. ನಮ್ಮ ಕಚೇರಿ 2007ರ ಯುಗದಲ್ಲಿ ಸುಭದ್ರವಾಗಿ ಕೂತಿದೆ. ಕನ್ಸಲ್ಟೆಂಟು 2018ರ ಯುಗದಿಂದ ನಕ್ಷೆ ಕಳಿಸುತ್ತಾರೆ. "ಹಳೇ ವರ್ಷನ್ನಿಗೆ ಸೇವ್ ಮಾಡಿ ಕಳಿಸ್ರಪ್ಪ" ಎಂದು ಫೋನು ಮಾಡಿದರೆ ಪಿಡಿಎಫ್ ಬರುತ್ತದೆ.

ಟ್ರೂವ್ಯೂ ಎಂಬ ಉಚಿತ ಪರಿವರ್ತಕವೊಂದಿದೆ. 2018ರ ಕಡತ ಓದುವ ಟ್ರೂವ್ಯೂವನ್ನು ಡ್ರಾಯಿಂಗ್ ಬ್ರಾಂಚಿನ ಯಂತ್ರಕ್ಕೆ ಹಾಕಹೋದರೆ ಅದು ನಮ್ಮ ಎಕ್ಸ್‌ಪಿಯನ್ನು ನೋಡಿ ಒಳಗೆ ಕಾಲಿಡುವುದಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನವರು 2014ರ ಏಪ್ರಿಲ್ 8ರಂದೇ ಎಳ್ಳುನೀರು ಬಿಟ್ಟಿದ್ದಾರೆ. ವರ್ಷವರ್ಷ ತಿಥಿ ಮಾಡುವುದೊಂದು ಬಾಕಿ. ಇನ್ನೊಂದು ಯಂತ್ರದಲ್ಲಿ ವಿಂಡೋಸ್ 7 ಇದೆ (ಅದರ ತಿಥಿ 2020ರ ಜನವರಿ 14). ಆದರೆ ಅದು ಬಿಲ್ಲು ಮಾಡುವ ಯಂತ್ರ. ನಕ್ಷೆಯ ಸಾಫ್ಟ್‌ವೇರು ಹಾಕಿದರೆ ಬಿಲ್ಲು ನಿಧಾನವಾಗುತ್ತದೆಂದು ಲೆಕ್ಕಶಾಖೆಯ ಆಕ್ಷೇಪಣೆ ಕಡತದಲ್ಲಿದೆ. ನಕ್ಷೆ ಇಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಬಿಲ್ಲಿಲ್ಲ ಎಂಬ ತರ್ಕವನ್ನು ಕಡತದಲ್ಲಿ ಯಾರೂ ಎತ್ತಿಲ್ಲ.

ಅಧ್ಯಾಯ 2: ಮಾರ್ಗ, ದೇಶಿ, ಚಂಪೂ

ಲೈಸೆನ್ಸು ಪಡೆದ ತಂತ್ರಾಂಶವೇ ಮಾರ್ಗ. ಪೇಟೆಯ ಅಂಗಡಿ ಹುಡುಗ ಪೆನ್‌ಡ್ರೈವಿನಲ್ಲಿ ತಂದು ಹಾಕಿ, "ಇಂಟರ್ನೆಟ್ ಮಾತ್ರ ಆನ್ ಮಾಡ್ಬೇಡಿ ಸರ್" ಎಂದು ಹೇಳಿ ಹೋಗುವುದು ದೇಶಿ. ಮಾರ್ಗದ ಪ್ರಧಾನ ಲಕ್ಷಣ ಡಾಂಗಲ್ಲು: ಯಂತ್ರದ ಬೆನ್ನಿಗೆ ಅದನ್ನು ಸಿಕ್ಕಿಸದಿದ್ದರೆ ತಂತ್ರಾಂಶ ಕಣ್ಣು ಬಿಡುವುದಿಲ್ಲ. ಬೆಲೆಬಾಳುವ ವಸ್ತುವಾದ್ದರಿಂದ ಅದು ಸಾಹೇಬರ ಬೀರುವಿನಲ್ಲಿರುತ್ತದೆ. ಸಾಹೇಬರು ಮೀಟಿಂಗಿಗೆ ಹೋದ ದಿನ ಮಾರ್ಗಕಾವ್ಯ ಹುಟ್ಟುವುದಿಲ್ಲ.

ದೇಶಿಗೆ ಈ ಕಟ್ಟುಪಾಡಿಲ್ಲ, ಆದರೆ ಅದರ ಜೊತೆ ವೈರಸ್ಸು ಬರುತ್ತದೆ. ಆಟೋಲಿಸ್ಪಿನಲ್ಲಿ ಬರೆದ ಒಂದು ಜಾತಿಯ ವೈರಸ್ಸು ನಕ್ಷೆ ತೆರೆದ ಫೋಲ್ಡರಿನಲ್ಲೆಲ್ಲ ಒಂದೊಂದು ಮರಿ ಹಾಕಿ, 'ಎಕ್ಸ್‌ಪ್ಲೋಡ್' ಆಜ್ಞೆಯನ್ನೇ ನುಂಗಿಬಿಡುತ್ತದೆ. ಬ್ಲಾಕನ್ನು ಒಡೆಯಲು ಹೋದರೆ ಒಡೆಯಲಾಗಲಿಲ್ಲ ಎನ್ನುತ್ತದೆ, ಅದೂ ತಪ್ಪು ಇಂಗ್ಲಿಷಿನಲ್ಲಿ.

ಇವೆರಡರ ಮಿಶ್ರಣ ಚಂಪೂ. ವಿದ್ಯಾರ್ಥಿಗಳಿಗೆಂದು ಕೊಡುತ್ತಿದ್ದ ಆವೃತ್ತಿಯಲ್ಲಿ ಬರೆದ ನಕ್ಷೆಯನ್ನು ಪ್ರಿಂಟು ತೆಗೆದರೆ, ಇದು ಶೈಕ್ಷಣಿಕ ಉತ್ಪನ್ನದಿಂದ ತಯಾರಾದದ್ದು ಎಂಬ ಸಾಲು ಹಾಳೆಯ ನಾಲ್ಕೂ ಅಂಚಿನಲ್ಲಿ ಮೂಡುತ್ತಿತ್ತು. ಹೊಸ ಆವೃತ್ತಿಗಳಲ್ಲಿ ಅದನ್ನು ಕೈಬಿಟ್ಟಿದ್ದಾರಂತೆ. ನಮ್ಮದು ಹೊಸದಲ್ಲವಲ್ಲ. ಅಂಥ ನಕ್ಷೆಯಿಂದ ಒಂದೇ ಒಂದು ಗೇಟಿನ ಚಿತ್ರವನ್ನು ಕಾಪಿ ಮಾಡಿ ತಂದರೂ ಸಾಕು, ತಂದ ಕಡತಕ್ಕೂ ಮೈಲಿಗೆ ಅಂಟುತ್ತದೆ. ಕೋಟಿಗಟ್ಟಲೆ ಕಾಮಗಾರಿಯ ನಕ್ಷೆಯ ಅಂಚನ್ನು ಬ್ಲೇಡಿನಿಂದ ಹೆರೆದು ಮೇಲಧಿಕಾರಿಗಳ ರುಜುವಿಗೆ ಇಡುವುದು ಕೂಡ ಡ್ರಾಯಿಂಗ್ ಬ್ರಾಂಚಿನ ಕೆಲಸವೇ.

ಶಾಸನಶಾಸ್ತ್ರದವರಿಗೂ ಇಲ್ಲಿ ಕೆಲಸವುಂಟು. 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದ ಟೈಟಲ್ ಬ್ಲಾಕು, ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದಾಗ ತಲೆಯ ಮೇಲೆ ಗೆರೆಬೊಟ್ಟು ಹೊತ್ತ ಇಂಗ್ಲಿಷ್ 'ಎ'ಗಳ ಮೆರವಣಿಗೆಯಾಗುತ್ತದೆ. ನಮ್ಮ ಹಳಬರೊಬ್ಬರು ಅದನ್ನೂ ಸರಾಗವಾಗಿ ಓದುತ್ತಾರೆ.

ಅಧ್ಯಾಯ 3: ಪ್ರತೀಕ್ಷಾ ಪ್ರಕರಣ

ಪ್ರತೀಕ್ಷೆಯು ಒಂಬತ್ತು ಬಗೆ. ಉದ್ಘಾಟನ ಪ್ರತೀಕ್ಷೆ, ಅಂದರೆ ಕಡತ ತೆರೆಯುವವರೆಗೆ. ಪುನರ್ಜನನ ಪ್ರತೀಕ್ಷೆ, ಅಂದರೆ ಜೂಮ್ ಮಾಡಿದ ಕೂಡಲೇ ಯಂತ್ರವು ಎಲ್ಲ ಗೆರೆಗಳನ್ನೂ ಹೊಸದಾಗಿ ಎಳೆಯತೊಡಗಿದಾಗಿನದು. ಶ್ವೇತಪಟ ಪ್ರತೀಕ್ಷೆ, ಅಂದರೆ ಪರದೆ ಬಿಳಿಚಿಕೊಂಡು ಮೇಲ್ಗಡೆ 'ನಾಟ್ ರೆಸ್ಪಾಂಡಿಂಗ್' ಎಂದು ಬರೆದುಕೊಂಡಾಗಿನದು. ನಾಲ್ಕನೆಯದು... ಬೇಡ, ಬಿಡಿ. ಒಂಬತ್ತೂ ಒಂದೇ. ಕೈಕಟ್ಟಿ ಕೂರುವುದು.

ಇಷ್ಟಕ್ಕೂ ಆಗುವುದೇನೆಂದರೆ, 32 ಬಿಟ್ಟಿನ ಎಕ್ಸ್‌ಪಿ ಒಂದು ಸಾಫ್ಟ್‌ವೇರಿಗೆ ಸಾಮಾನ್ಯವಾಗಿ ಬಿಟ್ಟುಕೊಡುವ ಜಾಗವೇ 2 ಜಿಬಿ. ಡ್ರೋನ್ ಸರ್ವೆಯ ಕಂಟೂರು ನಕ್ಷೆಯಲ್ಲಿ ಲಕ್ಷಾಂತರ ಬಿಂದುಗಳು. ರ್‍ಯಾಮ್ ತುಂಬಿದ ಮೇಲೆ ಯಂತ್ರ ಉಳಿದದ್ದನ್ನು ಹಾರ್ಡ್‌ಡಿಸ್ಕಿಗೆ ಬರೆಯುತ್ತದೆ, ಮತ್ತೆ ಅಲ್ಲಿಂದ ಓದುತ್ತದೆ. ತಿರುಗುವ ತಟ್ಟೆಯ ಮೇಲಿನ ಆ ಓದು ಬರಹ ರ್‍ಯಾಮಿಗಿಂತ ಸಾವಿರಾರು ಪಟ್ಟು ನಿಧಾನ. ಕ್ಯಾಬಿನೆಟ್ಟಿನ ಕೆಂಪು ದೀಪ ಬಿಡದೆ ಉರಿಯುತ್ತದೆ. 2020ರ ಆವೃತ್ತಿಯಿಂದೀಚೆಗೆ ಆಟೋಕ್ಯಾಡ್ 32 ಬಿಟ್ಟಿನ ಸಹವಾಸವನ್ನೇ ಬಿಟ್ಟಿದೆ.

ಆ ಯಂತ್ರದ ಮುಂದೆ ಕೂರುವವಳು ಹೊರಗುತ್ತಿಗೆಯ ಹುಡುಗಿ. ಬಂದವಳೇ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೆ ತಿರುಗಿಸುತ್ತಾಳೆ. ಬೀಪ್ ಬೀಪ್ ಎಂದು ಕೂಗಿದರೆ ರ್‍ಯಾಮ್ ಪಟ್ಟಿ ಕಿತ್ತು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ ಮತ್ತೆ ಸಿಕ್ಕಿಸುತ್ತಾಳೆ. ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಸೇವ್ ಆಗುವ ಏರ್ಪಾಡು ಆಟೋಕ್ಯಾಡಿನಲ್ಲಿದೆ. ಅದನ್ನವಳು ತೆಗೆದುಹಾಕಿದ್ದಾಳೆ, ಏಕೆಂದರೆ ಸೇವ್ ಆಗುವ ಹೊತ್ತಿಗೇ ಹ್ಯಾಂಗ್ ಆಗುತ್ತದೆ. ಯುಪಿಎಸ್ಸಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಯಿತು. ಕರೆಂಟು ಹೋದರೆ ಅವಳು ಏನೂ ಅನ್ನುವುದಿಲ್ಲ. ಬರುವವರೆಗೆ ಕಾದು, ಮೊದಲಿನಿಂದ ಶುರು ಮಾಡುತ್ತಾಳೆ. "ಸಿ ಡ್ರೈವ್ ಫುಲ್ಲಾಗಿದೆ ಸರ್, ಏನಾದ್ರೂ ಅಳಿಸ್ಲಾ?" ಎಂದು ಕೇಳುತ್ತಾಳೆ. ಅಳಿಸಬಹುದಾದ್ದನ್ನೆಲ್ಲ ಅಳಿಸಿಯಾಗಿದೆ.

ಅಧ್ಯಾಯ 4: ಸೈದ್ಧಾಂತಿಕ ಚೌಕಟ್ಟು

ಈ ಅಧ್ಯಾಯ ಬರೆಯುವುದಿಲ್ಲ.

ಯಾಕೆಂದರೆ ಇಲ್ಲಿಗೆ ಬರುವಷ್ಟರಲ್ಲಿ ಒಂದು ಮಾತು ಕೇಳಿಬರುತ್ತದೆ, ಪ್ರತಿ ಸೆಪ್ಟೆಂಬರ್ 15ರಂದು ಭಾವಚಿತ್ರಕ್ಕೆ ಹಾರ ಹಾಕಿದ ಮೇಲೆ ಯಾರಾದರೊಬ್ಬರು ಮೈಕಿನಲ್ಲಿ ಹೇಳಿಯೇ ಹೇಳುವ ಮಾತು: "ವಿಶ್ವೇಶ್ವರಯ್ಯನವರು ಕಂಪ್ಯೂಟರ್ ಇಟ್ಕೊಂಡು ಕನ್ನಂಬಾಡಿ ಕಟ್ಟಿದ್ರಾ?" ಚಪ್ಪಾಳೆ ಬೀಳುತ್ತದೆ. ಇಲ್ಲ ಸ್ವಾಮಿ, ಇಟ್ಟುಕೊಂಡಿರಲಿಲ್ಲ. ಆದರೆ ಖಡಕ್‌ವಾಸ್ಲಾದ ಕಟ್ಟೆಗೆ ತಾನಾಗಿ ತೆರೆದು ಮುಚ್ಚುವ ಗೇಟು ಕೂರಿಸಿದ ಮನುಷ್ಯ ಅವರು. 1903ರಲ್ಲಿ ಅದು ಇಡೀ ದೇಶಕ್ಕೇ ಹೊಸದು. ತಮ್ಮ ಕಾಲದ ಹೊಸ ಉಪಾಯ ಬಿಟ್ಟು ಹಿಂದಿನ ತಲೆಮಾರಿನ ಮುರುಕು ಸಲಕರಣೆಯಲ್ಲಿ ಹೊಂದಿಸಿಕೊಂಡು ಹೋಗಿ ಎಂದು ಅವರಿಗೆ ಹೇಳಿ ನೋಡಬೇಕಿತ್ತು.

ಹೊತ್ತು ಹಾಳಾಗುವುದು ನನ್ನ ತಕರಾರಲ್ಲ. ಸರ್ಕಾರಿ ಕಚೇರಿಯಲ್ಲಿ ಹೊತ್ತಿಗೆ ಬೆಲೆ ಕಟ್ಟುವ ಕಾಲಂ ಇಲ್ಲ, ಒಪ್ಪಿದೆ. ನಿಧಾನದ ಯಂತ್ರ ಕೊಲ್ಲುವುದು ಎರಡನೆಯ ಸಲದ ಪ್ರಯತ್ನವನ್ನು. ಒಂದು ಮೋರಿಯ ವಿನ್ಯಾಸ ಮುಗಿದ ಮೇಲೆ, ಕಂಡಿ ಇನ್ನೊಂದಿಷ್ಟು ಅಗಲವಿದ್ದರೆ ಹೇಗೆ, ತಳವನ್ನು ತುಸು ಇಳಿಸಿದರೆ ಹೇಗೆ ಎಂದು ನೋಡುವುದೇ ಎಂಜಿನಿಯರನ ಕಸುಬು. ಮೊದಲ ಸಲದ್ದು ಮುಗಿಯುವುದಕ್ಕೇ ಸಂಜೆಯಾದರೆ ಯಾರು ನೋಡುತ್ತಾರೆ? ಪಕ್ಕದ ಹಳ್ಳದ ಮೋರಿಯ ನಕ್ಷೆ ತೆರೆದು, ಹೆಸರು, ಸರಪಳಿ ದೂರ ತಿದ್ದಿ ಕಳಿಸುತ್ತಾರೆ. ಈ ಹಳ್ಳ ಆ ಹಳ್ಳವಲ್ಲ.

ನೆರೆಯ ಲೆಕ್ಕಕ್ಕೆ ಹೆಕ್-ರಾಸ್ ಇದೆ, ಅಮೆರಿಕದ ಸೇನೆಯ ಎಂಜಿನಿಯರುಗಳದು, ಬಿಟ್ಟಿ ಸಿಗುತ್ತದೆ, ಬೆಲೆಯ ನೆಪವೂ ಇಲ್ಲ. 2016ರ 5.0 ಆವೃತ್ತಿಯಿಂದ ಅದು ಬಯಲನ್ನು ಚೌಕಗಳಾಗಿ ಒಡೆದು, ಒಂದೊಂದು ಚೌಕಕ್ಕೆ ಒಂದೊಂದು ನೀರಿನ ಮಟ್ಟ ಲೆಕ್ಕ ಹಾಕುತ್ತದೆ. ಚೌಕ ಚಿಕ್ಕದಾದಷ್ಟೂ ಲೆಕ್ಕ ಹೆಚ್ಚು. ಬಿಲ್ಲಿನ ಯಂತ್ರ ಸಂಜೆ ಬಿಡುವಾದ ಮೇಲೆ ಅದರಲ್ಲಿ ಓಡಿಸಿದರೆ ಅರ್ಧಕ್ಕೇ ಕೈಚೆಲ್ಲುತ್ತದೆ. ಹುಡುಗಿಗೆ ಕೊನೆಯ ಬಸ್ಸು ತಪ್ಪುತ್ತದೆ. ಆಗ ಚೌಕವನ್ನು ದೊಡ್ಡದು ಮಾಡುತ್ತೇವೆ, ಲೆಕ್ಕ ಬೇಗ ಮುಗಿಯುತ್ತದೆ. ಆ ದೊಡ್ಡ ಚೌಕದ ನಟ್ಟನಡುವೆ ರಸ್ತೆಯ ಏರಿಯೊಂದು ಹಾದುಹೋಗಿದ್ದು, ಚೌಕದ ಅಂಚನ್ನು ಏರಿಯ ಗುಂಟ ಕೂರಿಸದಿದ್ದರೆ, ಲೆಕ್ಕದ ಮಟ್ಟಿಗೆ ಆ ಏರಿಯೇ ಇಲ್ಲ. ಏರಿಯ ಆಚೆಗೂ ಈಚೆಗೂ ಒಂದೇ ಮಟ್ಟದ ನೀರು. ಈಚೆಗೆ ಮನೆಗಳಿವೆ. ಅವು ಮುಳುಗುತ್ತವೋ ಉಳಿಯುತ್ತವೋ ಎಂಬುದನ್ನು ತೀರ್ಮಾನಿಸಿದ್ದು ಹಳ್ಳವೂ ಅಲ್ಲ, ಮಳೆಯೂ ಅಲ್ಲ, ನಮ್ಮ ರ್‍ಯಾಮು. ವರದಿಯಲ್ಲಿ ಬಣ್ಣದ ನಕ್ಷೆ ಚೆನ್ನಾಗಿಯೇ ಬರುತ್ತದೆ. ಚೌಕದ ಅಳತೆ ಎಷ್ಟೆಂದು ಮೀಟಿಂಗಿನಲ್ಲಿ ಈವರೆಗೆ ಯಾರೂ ಕೇಳಿದ್ದು ನಾನು ಕಾಣೆ.

ಹೊಸ ಯಂತ್ರಕ್ಕೆ ಇಂಡೆಂಟು ಹೋಗಿತ್ತು. ನಾನು ಕೇಳಿದ್ದು ದೊಡ್ಡದೇನಲ್ಲ: 64 ಬಿಟ್ಟಿನ ಒಂದು ಯಂತ್ರ, 16 ಜಿಬಿ ರ್‍ಯಾಮ್, ಎಸ್‌ಎಸ್‌ಡಿ, ಯುಪಿಎಸ್ಸಿಗೊಂದು ಬ್ಯಾಟರಿ. ಷರಾ ಬರೆದು ಹಿಂದಿರುಗಿಸಿದ್ದಾರೆ: ಹಾಲಿ ಯಂತ್ರವು ಚಾಲನೆಯಲ್ಲಿರುವುದರಿಂದ ಹೊಸ ಖರೀದಿಯ ಅವಶ್ಯಕತೆ ಕಂಡುಬರುವುದಿಲ್ಲ.

ಚಾಲನೆಯಲ್ಲಿದೆ, ನಿಜ. ದಿನಾ ಆ ಹುಡುಗಿ ರಬ್ಬರಿನಿಂದ ಉಜ್ಜುತ್ತಾಳೆ, ಅದಕ್ಕೇ ಚಾಲನೆಯಲ್ಲಿದೆ. ನಾಳೆಯಿಂದ ಉಜ್ಜಬೇಡಮ್ಮ ಎಂದು ಹೇಳೋಣವೆಂದರೆ, ನಕ್ಷೆ ತಡವಾಗಿದ್ದಕ್ಕೆ ಕಾರಣ ಕೇಳುವ ನೋಟಿಸು ಯಂತ್ರಕ್ಕೆ ಬರುವುದಿಲ್ಲ, ಅವಳಿಗೆ ಬರುತ್ತದೆ.