ಕೀ ಕಾರ್ಕಳದಲ್ಲಿದೆ

‘ಮುಸ್ಸಂಜೆಯಲ್ಲಿ ಮ್ಯೂಸಿಯಂ’ ಏರ್ಪಡಿಸಿದ ಮಾನ್ಯ ಸಂಘಟಕರಿಗೆ,

ನಿನ್ನೆ ನಿಮ್ಮಲ್ಲಿಗೆ ಬಂದು, ನಿಮ್ಮ ಅಂಗಳದ ಸೊಳ್ಳೆಗಳಿಗೆ ಯಥಾಶಕ್ತಿ ರಕ್ತ ಸಲ್ಲಿಸಿ ಹೋದವರಲ್ಲಿ ನಾನೂ ಒಬ್ಬ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ನಿಮಗೆ ಗೊತ್ತಾದರೆ ಸಾಕು.

ಮಾಮೂಲಿ ಹೊತ್ತು ಮುಗಿದ ಮೇಲೂ ಮ್ಯೂಸಿಯಂ ತೆರೆದಿರುತ್ತದೆ, ಚಿತ್ರ ನೋಡಿ, ಸಂಗೀತ ಕೇಳಿ, ಆರು ಗಂಟೆಗೆ ಸರಿಯಾಗಿ ಬನ್ನಿ ಎಂದು ಆಮಂತ್ರಣದಲ್ಲಿತ್ತು. ಸರಿಯಾಗಿ ಬಂದದ್ದು ನಾವು ಮಾತ್ರ. ಮಂಗಳೂರಿನಿಂದ ಹೊರಟ ಮುಖ್ಯ ಅತಿಥಿಗಳು ಎಲ್ಲಿದ್ದಾರೆ ಎಂದರೆ ‘ಕಾಪು ದಾಟಿದ್ದಾರೆ’. ಅರ್ಧ ಗಂಟೆ ಬಿಟ್ಟು ಕೇಳಿದರೂ ಕಾಪು ದಾಟಿದ್ದಾರೆ. ಕಾಪುವಿನ ದೀಪಸ್ತಂಭ 1901ರಿಂದ ನಿಂತಿದೆ. ಇಷ್ಟು ಸಾವಕಾಶವಾಗಿ ದಾಟಿದವರನ್ನು ಅದೂ ಕಂಡಿರಲಿಕ್ಕಿಲ್ಲ.

ಅಂತೂ ಬಂದರು. ದೀಪ, ಹಾರ, ಶಾಲು, ಹಣ್ಣಿನ ಬುಟ್ಟಿ. ‘ಎರಡೇ ಮಾತು’ ಎಂದವರೆಲ್ಲ ಇಪ್ಪತ್ತು ನಿಮಿಷ ಆಡಿದರು. ಕೊಳಲಿನ ಹುಡುಗನಿಗೆ ಸಮಯದ ಅಭಾವ. ರಾಗ ಬಿಡಿಸುವಷ್ಟರಲ್ಲಿ ವಂದನಾರ್ಪಣೆ. ಹೋಗಲಿ, ಭಾಷಣ ಕೇಳಿ ಕೇಳಿ ನಮ್ಮ ಕಿವಿ ಜಡ್ಡುಗಟ್ಟಿದೆ.

ಒಳಗೆ ಹೋಗೋಣವೆಂದು ಎದ್ದರೆ ಎಲ್ಲ ಕೋಣೆಗೂ ಬೀಗ! ಕೀ ಇರುವವರು ಐದೂವರೆಯ ಬಸ್ಸಿಗೆ ಕಾರ್ಕಳಕ್ಕೆ ಹೋದರಂತೆ. ಅವರದೇನು ತಪ್ಪು? ಇರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಿಟಕಿಯ ಸರಳಿನ ನಡುವೆ ಮೊಬೈಲ್ ಟಾರ್ಚ್ ಹಾಯಿಸಿದೆ. ತೂಗುದೀಪದ ಮೇಲೊಂದು ಹಿತ್ತಾಳೆಯ ನವಿಲು, ಅದರ ಕೊರಳಿಗೆ ನೂಲಿನಲ್ಲಿ ಕಟ್ಟಿದ ನಂಬರು ಚೀಟಿ. ನಾನು ನೋಡಿದ ಮ್ಯೂಸಿಯಂ ಅಷ್ಟೇ.

ಅಲ್ಲ ಮಾರಾಯ್ರೇ, ರಾತ್ರಿ ಹೊತ್ತಿನ ಕಲೆಯನ್ನು ಈ ಊರಿಗೆ ಕಲಿಸಬೇಕೆ? ಯಕ್ಷಗಾನಕ್ಕೆ ಕಾಲಮಿತಿ ಬರುವ ಮೊದಲು ಬೆಳಗಿನವರೆಗೂ ಬಯಲಾಟ ನೋಡಿದವರು ನಾವು. ಭೂತದ ನೇಮಕ್ಕೆ, ಕೃಷ್ಣಮಠದ ಪರ್ಯಾಯಕ್ಕೆ ಇಡೀ ರಾತ್ರಿ ಎಚ್ಚರ ಇರುವವರು. ಬರ್ಲಿನ್ನಿನವರು 1997ರಲ್ಲಿ ‘ಮ್ಯೂಸಿಯಂಗಳ ದೀರ್ಘ ರಾತ್ರಿ’ ಶುರು ಮಾಡಿದರು. ಜನ ಒಂದು ಮ್ಯೂಸಿಯಂನಿಂದ ಇನ್ನೊಂದಕ್ಕೆ ನಡುರಾತ್ರಿಯಲ್ಲೂ ತಿರುಗುತ್ತಾರೆ. ಒಳಗೆ ತಿರುಗುತ್ತಾರೆ, ಗಮನಿಸಿ. ನಿಮ್ಮ ಕೋಣೆಯಲ್ಲಿರುವ ದೀಪಗಳು ಕತ್ತಲಿಗೆಂದೇ ಹುಟ್ಟಿದವು. ಹಗಲು ಟ್ಯೂಬ್‌ಲೈಟಿನಲ್ಲಿ ತೋರಿಸಿ, ಕತ್ತಲಾದೊಡನೆ ಬೀಗ ಜಡಿದರೆ ಅವನ್ನು ಸರಿಯಾಗಿ ನೋಡುವುದು ಯಾವಾಗ? ಬರೀ ಅಂಗಳದಲ್ಲಿ ಕೂರಿಸುವುದಾದರೆ ಕಲ್ಯಾಣ ಮಂಟಪ ಸಾಕಿತ್ತು, ಫ್ಯಾನಾದರೂ ಇರುತ್ತಿತ್ತು.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಸ್ತಶಿಲ್ಪ ಎಂಬ ಪಾರಂಪರಿಕ ಗ್ರಾಮ ಕಟ್ಟಿದ್ದು ನಿಮಗೆ ಗೊತ್ತಿರಬೇಕು. ಬ್ಯಾಂಕಿನಲ್ಲಿದ್ದ ಮನುಷ್ಯ. ಉಡುಪಿಯಲ್ಲಿ ಸಂಗೀತ ಸಭಾ ಹುಟ್ಟುಹಾಕಿ ಜನರಿಗೆ ಹಿಂದೂಸ್ತಾನಿ ಸಂಗೀತದ ರುಚಿ ಹತ್ತಿಸಿದವರೂ ಅವರೇ. ಕೆಡವಲು ಹೊರಟಿದ್ದ ಹಳೇ ಮನೆಗಳ ಕಂಬ, ತೊಲೆ, ಬಾಗಿಲು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. 2017ರಲ್ಲಿ ತೀರಿಕೊಳ್ಳುವವರೆಗೂ ಅದೇ ಧ್ಯಾನ. ಅಲ್ಲಿ ಮಿಯಾರಿನ ಮನೆಯೂ ಇದೆ. ಕಾರ್ಕಳದ ಮಗ್ಗುಲಿನಿಂದ ಇಡೀ ಮನೆ ಬರಬಹುದು, ಒಂದು ಕೀ ಬರಲಾರದೇ?

ಈ ಮಾತನ್ನು ನಿನ್ನೆಯೇ ನಿಮ್ಮ ಕಾರ್ಯಕರ್ತರೊಬ್ಬರಿಗೆ ಹೇಳಿದೆ. ನಕ್ಕು, ‘ಫೀಡ್‌ಬ್ಯಾಕ್ ಫಾರಂ ಇದೆ, ಆಫೀಸಿನೊಳಗೆ’ ಎಂದರು. ಆಫೀಸಿಗೂ ಬೀಗ. ಅದರ ಕೀ ಎಲ್ಲಿದೆಯೆಂದು ನಾನು ಕೇಳಲಿಲ್ಲ.

ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಆವತ್ತು ಮತ್ತೆ ಕರೆಯುತ್ತೀರಂತೆ, ಬರುತ್ತೇನೆ. ಈ ಬಾರಿ ಒಂದು ಶಾಲು ಕಡಿಮೆ ತನ್ನಿ. ಆ ದುಡ್ಡಿಗೆ ಕೀ ಇರುವವರಿಗೆ ರಾತ್ರಿ ಊಟ ಹಾಕಿಸಿ, ಕಾರ್ಕಳಕ್ಕೆ ರಿಕ್ಷಾ ಬಾಡಿಗೆಗೆ ಸಾಲದಿದ್ದರೆ ಹಾರದ ಲೆಕ್ಕದಿಂದ ಸೇರಿಸಿ. ಮುಖ್ಯ ಅತಿಥಿಗಳು ಕಾಪುವಿನಲ್ಲೇ ಇದ್ದರೂ ನಡೆಯುತ್ತದೆ, ಕೋಣೆ ತೆಗೆಯಿರಿ.

ಇತಿ,
ಕಿಟಕಿಯಿಂದ ನೋಡಿ ಹೋದವ