ಸರ್ಚ್ ಸಾಹೇಬರಿಗೊಂದು ಬಹಿರಂಗ ಅರ್ಜಿ

ಸನ್ಮಾನ್ಯ ಸರ್ಚ್ ಸಾಹೇಬರಿಗೆ,
ಮು. ಪೋ. ವಿಂಡೋಸ್ ಪರದೆಯ ಕೆಳಗಿನ ಪಟ್ಟಿ, ಭೂತಗನ್ನಡಿಯ ಗುರುತಿನ ಪಕ್ಕ.

ಸ.ನ.ವಿ.ವಿ. (ಈ ಒಕ್ಕಣೆ ಮರಾಠಿಯದು, ಅರ್ಜಿ ಕನ್ನಡದ್ದು. ಸೊಲ್ಲಾಪುರದಲ್ಲಿ ಎರಡೂ ಒಂದೇ ಹಾಳೆಯ ಮೇಲೆ ಬರುವುದು ವಾಡಿಕೆ. ತಾವು ಗಾಬರಿಯಾಗಬಾರದು.)

ತಮ್ಮ ಕಚೇರಿ ನಮ್ಮ ನಡುಮನೆಯಲ್ಲೇ ಇದೆ. ಆದರೂ ಅರ್ಜಿಯನ್ನು ಊರಿಗೆಲ್ಲ ಕೇಳುವಂತೆ ಬರೆಯಬೇಕಾಗಿದೆ. ಯಾಕೆಂದರೆ ಖಾಸಗಿಯಾಗಿ ಕೇಳಿದಾಗೆಲ್ಲ ತಾವು ಕೊಟ್ಟ ಉತ್ತರ ಒಂದೇ: ‘ನೀವು ಕೇಳಿದ್ದಕ್ಕೆ ಹೊಂದುವಂಥದ್ದು ಏನೂ ಇಲ್ಲ.’ ‘ಇಲ್ಲ’ ಅನ್ನಿಸಿಕೊಳ್ಳುವುದು ನನಗೆ ಹೊಸದಲ್ಲ. ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಪುಸ್ತಕ ಬಂದಿಲ್ಲ, ಜಾಗ ಮಂಜೂರಾಗಿಲ್ಲ, ಸಾಹೇಬರು ಸೀಟಿನಲ್ಲಿಲ್ಲ ಎಂಬುದನ್ನೆಲ್ಲ ಕೇಳುತ್ತಲೇ ಪಗಾರ ಎಣಿಸಿದ್ದೇನೆ. ಆದರೆ ಆ ಕಚೇರಿಗಳಲ್ಲಿ ಕಾರಕೂನ ಇಲ್ಲ ಎನ್ನುವ ಮುಂಚೆ ಮರ್ಯಾದೆಗಾದರೂ ಒಮ್ಮೆ ಕಪಾಟಿನ ಕಡೆ ಕತ್ತು ತಿರುಗಿಸುತ್ತಿದ್ದ. ತಾವು ಅಷ್ಟು ತ್ರಾಸವನ್ನೂ ತೆಗೆದುಕೊಳ್ಳುವುದಿಲ್ಲ.

ನಾನು ಕೇಳಿದ್ದೇನು ದೊಡ್ಡದಲ್ಲ. ಜಯದೇವಿತಾಯಿ ಲಿಗಾಡೆಯವರ ಮೇಲೆ ನಾನೇ ಹಿಂದೊಮ್ಮೆ ಟೈಪು ಮಾಡಿಟ್ಟ ಲೇಖನ. ಗಡಿಯಾಚೆಯ ಇಂಡಿಯಿಂದ ಸೋದರಳಿಯ ಫೋನು ಮಾಡಿ, “ಮಾಮಾ, ಸ್ಮರಣ ಸಂಚಿಕೆಗೆ ಬೇಕಾಗೇದರಿ, ಇವತ್ತs ಕಳಸ್ರಿ” ಅಂದ. ಆ ತಾಯಿ 1912ರಲ್ಲಿ ಇದೇ ಸೊಲ್ಲಾಪುರದಲ್ಲಿ ಹುಟ್ಟಿದವರು. ಓದಿದ್ದು ಮರಾಠಿಯಲ್ಲಿ, ಕನ್ನಡವನ್ನು ತಾವಾಗಿಯೇ ಕಲಿತರು. ಶರಣ ಸಿದ್ಧರಾಮನ ಮೇಲೆ ಪುರಾಣ ಬರೆದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠವೇರಿದ ಮೊದಲ ಹೆಣ್ಣುಮಗಳು. ಅಷ್ಟು ದೂರದ ಮಂಡ್ಯದವರಿಗೆ ಅವರು ಸಿಕ್ಕರು. ಒಂದೇ ಡಬ್ಬಿಯೊಳಗೆ ಕೂತ ತಮಗೆ ಸಿಗಲಿಲ್ಲ.

ತಮ್ಮ ಆರೋಗ್ಯ ನೋಡಲು ಓಣಿಯ ಕಂಪ್ಯೂಟರ್ ಅಂಗಡಿಯ ಹುಡುಗನನ್ನು ಕರೆಸಿದೆ. ಕನ್ನಡ, ಮರಾಠಿ, ತೆಲುಗು ಮೂರರಲ್ಲೂ ಬೈಯಬಲ್ಲ ಅಪ್ಪಟ ಸೊಲ್ಲಾಪುರದ ಹುಡುಗ. ‘ಸರ್ವಿಸಸ್’ ಎಂಬ ಮಾರುದ್ದದ ಪಟ್ಟಿ ತೆರೆದು, ಕೆಳಗಿಳಿದು ಇಳಿದು, ತಮ್ಮ ಹೆಸರಿನ ಮೇಲೆ ಬೆರಳಿಟ್ಟ. ಮುಂದೆ ‘ಡಿಸೇಬಲ್ಡ್’ ಅಂತಿತ್ತು. “ಕಾಕಾ, ಇದನ್ನ ಹೋದ ಸಲ ನಾನs ಬಂದ್ ಮಾಡಿದ್ದೆ. ಪಿಸಿ ಭಾಳ ಸ್ಲೋ ಅದ ಅಂದಿದ್ರಲ್ಲ?” ಅಂದ, ಶಹಬ್ಬಾಸ್‌ಗಿರಿ ಬರುತ್ತದೇನೋ ಎಂಬಂತೆ ನನ್ನ ಮುಖ ನೋಡುತ್ತ. ಅಂದರೆ ತಾವು ಇಷ್ಟು ದಿನ ಅಮಾನತ್ತಿನಲ್ಲಿದ್ದಿರಿ. ಅಮಾನತ್ತಾದ ಅಧಿಕಾರಿ ಮನೆಯಲ್ಲಿ ಕೂರುತ್ತಾನೆ. ತಾವು ಮಾತ್ರ ಕಿಟಕಿ ತೆರೆದಿಟ್ಟು, ಅರ್ಜಿ ಕೈಗೆ ತೆಗೆದುಕೊಂಡು, ಇಲ್ಲ ಎಂದು ಶಿಕ್ಕಾ ಹೊಡೆಯುತ್ತಲೇ ಇದ್ದಿರಿ. ಇಂಥ ಕರ್ತವ್ಯನಿಷ್ಠೆ ನಮ್ಮ ತಹಶೀಲಿಯಲ್ಲೂ ಕಂಡಿಲ್ಲ.

ಹುಡುಗ ತಮ್ಮನ್ನು ಮರಳಿ ನೌಕರಿಗೆ ತೆಗೆದುಕೊಂಡ. ‘ಇಂಡೆಕ್ಸಿಂಗ್ ಆಪ್ಷನ್ಸ್’ಗೆ ಹೋಗಿ, ‘ಅಡ್ವಾನ್ಸ್ಡ್’ ಒತ್ತಿ, ‘ರೀಬಿಲ್ಡ್’ ಒತ್ತಿ, ಚಹಾ ಕುಡಿದು ಹೋದ. ಆಗಲೇ ನನಗೆ ತಮ್ಮ ಗುಟ್ಟು ಗೊತ್ತಾದದ್ದು. ಕೇಳಿದ ಕ್ಷಣಕ್ಕೆ ತಾವು ಕಪಾಟು ತೆರೆದು ನೋಡುವುದೇ ಇಲ್ಲ. ಬಿಡುವಿನಲ್ಲಿ ಒಮ್ಮೆ ತಿರುಗಾಡಿ ದಫ್ತರ ಬರೆದಿಟ್ಟುಕೊಂಡಿರುತ್ತೀರಿ, ಕೇಳಿದವರಿಗೆ ಅದನ್ನು ನೋಡಿ ಹೇಳುತ್ತೀರಿ. ದಫ್ತರದಲ್ಲಿದ್ದರೆ ಉಂಟು, ಇಲ್ಲದಿದ್ದರೆ ಜಗತ್ತಿನಲ್ಲೇ ಇಲ್ಲ. ಆ ತಿರುಗಾಟವೂ ಎಲ್ಲ ಊರಿಗೂ ಅಲ್ಲ. ವಿಂಡೋಸ್ 10ರ 2019ರ ಆವೃತ್ತಿಯಿಂದ ತಮಗೆ ಎರಡು ವಿಧದ ನೇಮಣೂಕು ಇದೆ ಎಂದು ತಿಳಿಯಿತು. ‘ಎನ್‌ಹಾನ್ಸ್ಡ್’ ಆದರೆ ಇಡೀ ಗಣಕ, ‘ಕ್ಲಾಸಿಕ್’ ಆದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ಡೆಸ್ಕ್‌ಟಾಪ್ ಅಷ್ಟೇ. ಯಾರೂ ಏನೂ ಹೇಳದಿದ್ದರೆ ತಾವು ಕ್ಲಾಸಿಕ್.

ಇಲ್ಲೇ ತಂಟೆ ಇರುವುದು. ನಮ್ಮ ಕಡೆ ಯಾವ ಸಂಸಾರಸ್ಥನೂ ಸಿ ಡ್ರೈವಿನಲ್ಲಿ ಏನನ್ನೂ ಇಡುವುದಿಲ್ಲ. ಕಂಪ್ಯೂಟರ್ ಮನೆಗೆ ಬಂದ ದಿನವೇ ಅಂಗಡಿಯವರು ಹೇಳಿ ಹೋಗುತ್ತಾರೆ: ವೈರಸ್ ಬಂತು ಅಂದ್ರ ಸಿ ಫಾರ್ಮ್ಯಾಟ್ ಆಗ್ತದ, ಬೇಕಾದದ್ದೆಲ್ಲ ಡಿ ದಾಗ ಇಡ್ರಿ. ಮಗಳ ಮದುವೆಯ ಫೋಟೋ, ಹೊಲದ ಸಾತಬಾರಾ, ಜಾತಿ ದಾಖಲೆ, ನನ್ನ ಲೇಖನ, ಸಕಲ ಆಸ್ತಿಯೂ ಡಿ ಯಲ್ಲಿದೆ. ತಮ್ಮ ಹದ್ದು ಮಾತ್ರ ಸಿ ಗೆ ಮುಗಿಯುತ್ತದೆ.

ಹದ್ದಿನಾಚೆ ಬಿದ್ದ ಕಡತದ ಸ್ಥಿತಿ ನಮಗೆ ಯಾರೂ ವಿವರಿಸಬೇಕಾಗಿಲ್ಲ. 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇದೇ ಸೊಲ್ಲಾಪುರದಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳೆಂಬ ಡ್ರೈವುಗಳ ಪಾಲು ನಡೆದಾಗ ವಿಜಾಪುರ ಆ ಕಡೆ, ಅಂದರೆ ಇಂದಿನ ಕರ್ನಾಟಕಕ್ಕೆ, ಹೋಯಿತು, ನಾವು ಈ ಕಡೆ ಉಳಿದೆವು. 1960ರ ಮೇ 1ರಂದು ಈ ಕಡೆಯ ಡ್ರೈವಿನ ಹೆಸರು ಮಹಾರಾಷ್ಟ್ರ ಎಂದು ಬದಲಾಯಿತು. 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗ ಅಕ್ಕಲಕೋಟೆಯನ್ನು ಆ ಕಡೆಗೆ ಸರಿಸಿರಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಪ್ರದೇಶ ನಮಗೆ ಸೇರಬೇಕು ಎಂದರು, ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ಫಡಣವೀಸರು ಒಂದು ಹಳ್ಳಿಯನ್ನೂ ಬಿಡುವುದಿಲ್ಲ ಎಂದರು. ತಮ್ಮ ಪರದೆಯಲ್ಲಿ ಒಮ್ಮೊಮ್ಮೆ ‘ಇಂಡೆಕ್ಸಿಂಗ್ ಸ್ಥಿತಿ ತಿಳಿಯಲು ಕಾಯಲಾಗುತ್ತಿದೆ’ ಎಂಬರ್ಥದ ಸಾಲು ಬಂದು ನಿಲ್ಲುತ್ತದಲ್ಲ, ನಾವು ಆ ಸಾಲಿನ ಕೆಳಗೆ ಕೂತವರು. ಡಿ ಡ್ರೈವಿನಲ್ಲಿದ್ದೇವೆ ಎಂಬುದಕ್ಕೆ ನನಗೇನೂ ದುಃಖವಿಲ್ಲ. ಇಲ್ಲಿನ ನೀರು, ಇಲ್ಲಿನ ಶೇಂಗಾ ಚಟ್ನಿ, ಇಲ್ಲಿನ ಜನ ನನಗೆ ಸಾಕು. ಹುಡುಕುವ ಕೆಲಸದವರು ಈ ಕಡೆಯೂ ಒಮ್ಮೆ ಬಂದು ಹೋಗಲಿ ಎಂಬುದಷ್ಟೇ ನನ್ನ ತಕರಾರು. ಕನ್ನಡ ಶಾಲೆಯ ಮಾಸ್ತರ ಬೆಂಗಳೂರಿಗೆ ಬರೆದರೆ ನೀವು ಮಹಾರಾಷ್ಟ್ರದವರು, ಮುಂಬಯಿಗೆ ಬರೆದರೆ ನೀವು ಕನ್ನಡದವರು. ಎರಡೂ ಖರೆ. ಎರಡೂ ಕಡೆ ಫಲಿತಾಂಶ ಸೊನ್ನೆ.

ಇರಲಿ. ಡಿ ಡ್ರೈವನ್ನು ತಮ್ಮ ಹದ್ದಿಗೆ ಸೇರಿಸಿದ್ದಾಯಿತು. ರೀಬಿಲ್ಡ್ ನಡೆಯುವಾಗ ಕರೆಂಟು ಹೋಗಿ ಬಂತು, ಅದನ್ನು ವಿವರಿಸುವುದಿಲ್ಲ. ದಫ್ತರ ಪೂರ್ತಿಯಾಯಿತೆಂದು ತಾವು ಹೇಳಿದ ಮೇಲೆ ‘ಕನ್ನಡ’ ಎಂದು ಕೇಳಿದೆ. ಸಾವಿರಾರು ಪುಟ ಕನ್ನಡ ತುಂಬಿದ ಪೆಟ್ಟಿಗೆಯಲ್ಲಿ ಕನ್ನಡವೇ ಇಲ್ಲ ಎಂದಿರಿ.

ಇದರ ಮೂಲ ಹಳೆಯದು. ಈ ಲೇಖನಗಳನ್ನು ಟೈಪು ಮಾಡಿದ ಕಾಲಕ್ಕೆ ನಮಗೆಲ್ಲ ದಿಕ್ಕು ಎಂದರೆ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇಲ್ಲವೇ ಶೇಷಾದ್ರಿವಾಸು ಅವರು 1998ರಲ್ಲಿ ಕೊಟ್ಟ ‘ಬರಹ’. ಅವು ಇಲ್ಲದಿದ್ದರೆ ನಮ್ಮಂಥವರು ಗಣಕದ ಮುಂದೆ ಕೂರುತ್ತಲೇ ಇರಲಿಲ್ಲ. ಆದರೆ ಆ ಹಳೆಯ ಫಾಂಟುಗಳ ಉಪಾಯ ವಿಚಿತ್ರ. ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು, ಒಳಗೆ ಕೂಡುತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರ. ಫಾಂಟು ತೆಗೆದು ನೋಡಿದೆ. ‘ಕನ್ನಡ’ ಎಂಬಲ್ಲಿ ಮೊದಲಿಗೆ ದೊಡ್ಡ ಪಿ. ಅದರ ಪಕ್ಕ ತಲೆಯ ಮೇಲೆ ಓರೆಗೀಟು ಹೊತ್ತ ಎ. ಆಮೇಲೆ ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರ ಎಸ್ಸೆಟ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಮ್ಮೆ ಎ. ಪೌಂಡು ನಮ್ಮ ನಕಾರ, ಎಸ್ಸೆಟ್ಟು ಅದರ ಒತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಫಾಂಟು ಬಂದಿತ್ತು. ಆದರೆ ಪ್ರೆಸ್ಸಿನವರ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಒಗ್ಗುತ್ತಿರಲಿಲ್ಲ. ಲಗ್ನಪತ್ರಿಕೆಯಿಂದ ಸ್ಮರಣ ಸಂಚಿಕೆಯವರೆಗೆ ಎಲ್ಲವೂ ಆ ಪೌಂಡು ಎಸ್ಸೆಟ್ಟುಗಳಲ್ಲೇ ಉಳಿಯಿತು. ಪಕ್ಕದ ಮನೆಯ ಮರಾಠಿ ಕವಿಗಳ ಪಾಡೂ ಇದೇ. ಅವರದು ಪುಣೆಯ ಶ್ರೀಲಿಪಿ, ಅವರ ‘ಮರಾಠಿ’ಯೂ ತಮಗೆ ಸಿಗುವುದಿಲ್ಲ. ಗಡಿ ವಿವಾದದಲ್ಲಿ ಎರಡೂ ಪಕ್ಷಗಳು ಇಷ್ಟು ಸಮಸಮನಾಗಿ ಸೋತದ್ದು ಇದೊಂದೇ ಖಟ್ಲೆಯಲ್ಲಿ.

ಫೈಲಿನ ಹೆಸರುಗಳ ವಿಷಯದಲ್ಲಿ ತಮ್ಮ ಹಟ ಇನ್ನೊಂದು ತೂಕದ್ದು. ನಮ್ಮೂರನ್ನು ನಾನು ಸೊಲ್ಲಾಪುರ ಎನ್ನುತ್ತೇನೆ, ಮಗ ಸೋಲಾಪುರ ಎಂದು ಬರೆಯುತ್ತಾನೆ, ಬ್ರಿಟಿಷರ ಕಾಲದ ಕಾಗದದಲ್ಲಿ ಶೋಲಾಪುರ. ಒಂದಕ್ಕೆ ಕೇಳಿದರೆ ಇನ್ನೊಂದನ್ನು ಕೊಡಲಾರಿರಿ. ‘ಜಯದೇವಿತಾಯಿ’ ಎಂದರೆ ‘ಜಯದೇವಿ ತಾಯಿ’ ಬೇರೆ ಹೆಂಗಸು. ಪದವನ್ನು ತಲೆಯಿಂದ ಹಿಡಿದರೆ ಮಾತ್ರ ತಮಗೆ ಗುರುತು, ‘ಕೋಟೆ’ ಎಂದು ಬರೆದರೆ ಅಕ್ಕಲಕೋಟೆ ಬರುವುದಿಲ್ಲ. ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ನಡುವೆ ಸೇರಿದ್ದರೆ ಮುಗಿಯಿತು, ಎರಡೂ ಕಡೆ ಒಂದೇ ಪದ ಕಾಣುತ್ತದೆ, ತಾವು ಬೇರೆ ಎನ್ನುತ್ತೀರಿ. ಸಾತಬಾರಾದ್ದು ಇನ್ನೂ ಮಜಾ. ಆಚೆ ಇಂಡಿ, ಆಳಂದ, ಅಫಜಲಪುರದಲ್ಲಿ ಅದು ಪಹಣಿ. ಅಲ್ಲಿ ಸರ್ವೆ ನಂಬರು, ಇಲ್ಲಿ ಗಟ್ ನಂಬರು. ಎರಡೂ ಕಡೆ ಹೊಲ ಇರುವ ಮನೆತನಗಳು ನಮ್ಮಲ್ಲಿ ಎಷ್ಟೋ. ಯಾವ ಹೆಸರಿನಿಂದ ಕರೆದರೂ ತಾವು ಏಳಲಿಲ್ಲ, ಯಾಕೆಂದರೆ ಆ ಕಾಗದ ಮನೆಯಲ್ಲಿರುವುದು ಸ್ಕ್ಯಾನರ್ ತಾನೇ ಇಟ್ಟ ನಂಬರಿನ ಹೆಸರಿನಲ್ಲಿ, ಬರೀ ಚಿತ್ರವಾಗಿ. ಅಜ್ಜನ ಕಾಲದ ಮೋಡಿ ಲಿಪಿಯ ಖರೀದಿ ಪತ್ರವೂ ಅದೇ ರಾಶಿಯಲ್ಲಿದೆ. ಅದನ್ನು ಕಣ್ಣಿದ್ದವರೂ ಓದಲಾರರು, ತಮ್ಮನ್ನು ದೂರುವುದಿಲ್ಲ.

ಮನೆಯದನ್ನು ಕೊಡದಿದ್ದರೂ ತಾವು ಬರಿಗೈಲಿ ಕಳಿಸುವವರಲ್ಲ ಎಂಬುದನ್ನೂ ದಾಖಲಿಸಬೇಕು. ‘ಸ್ವಾಮಿ’ ಎಂದು ಬರೆದೆ, ಆ ಹೆಸರಿನ ಅಣ್ಣನ ಮಗನ ಮಾರ್ಕ್ಸ್‌ಕಾರ್ಡಿಗಾಗಿ. ತಾವು ಜಾಲಕ್ಕೆ ಓಡಿ ಹೋಗಿ ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಫೋಟೋ, ದರ್ಶನದ ವೇಳೆ, ಅಲ್ಲಿನ ಲಾಡ್ಜುಗಳ ಪಟ್ಟಿ ತಂದಿಟ್ಟಿರಿ. ಸಮರ್ಥರಿಗೆ ಕೈಮುಗಿದೆ. ಆದರೆ ಅಕ್ಕಲಕೋಟೆ ತಾಲೂಕಿನಲ್ಲೇ ಮಾಸ್ತರಿಕೆ ಮಾಡಿದವನಿಗೆ ಅಕ್ಕಲಕೋಟೆಯಲ್ಲಿ ರೂಮು ಹಿಡಿದು ಕೊಡಲು ಹೊರಟ ಅಧಿಕಾರಿಯನ್ನು ನಾನು ಕಂಡದ್ದು ಈಗಲೇ. ಮಾರ್ಕ್ಸ್‌ಕಾರ್ಡು ಡೆಸ್ಕ್‌ಟಾಪಿನ ಮೇಲೆಯೇ ಇತ್ತು.

ಈ ಜಾಲದ ಸಹವಾಸ ತಮಗೂ ಒಳ್ಳೆಯದು ಮಾಡಿಲ್ಲ. 2020ರ ಫೆಬ್ರವರಿ 5ರಂದು ಎಲ್ಲೋ ದೂರದ ಸರ್ವರಿನ ತೊಂದರೆಗೆ ಜಗತ್ತಿನ ಎಷ್ಟೋ ವಿಂಡೋಸ್ 10 ಗಣಕಗಳಲ್ಲಿ ಸರ್ಚ್ ಪೆಟ್ಟಿಗೆ ಖಾಲಿ ಹಾಳೆಯಾಗಿ ತೆರೆದುಕೊಂಡಿತ್ತು. ತಮ್ಮ ಮನೆತನದ ಹಿರಿಯರಲ್ಲಿ ಈ ಚಟ ಇರಲಿಲ್ಲ. ಎಕ್ಸ್‌ಪಿಯಲ್ಲಿ ಹುಡುಕಾಟಕ್ಕೆ ರೋವರ್ ಎಂಬ ನಾಯಿ ಇತ್ತು. ಬಾಲ ಆಡಿಸುತ್ತಿತ್ತು, ಪುಸ್ತಕ ಮಗುಚುತ್ತಿತ್ತು, ತಡವಾಗಿ ಬರುತ್ತಿತ್ತು. ಸಿಕ್ಕದಿದ್ದರೂ ಹುಡುಕಿದಂತೆ ಕಾಣುತ್ತಿತ್ತು. ಬುದ್ಧಿವಂತರು ಅದನ್ನು ನೋಡಿ ನಕ್ಕರು, ಅದು ನಿವೃತ್ತವಾಯಿತು. ಅದರ ಜಾಗಕ್ಕೆ ಬಂದ ತಮ್ಮನ್ನು ನೋಡಿದಾಗ ಆ ನಾಯಿಯ ಪಿಂಚಣಿಯಾದರೂ ಸರಿಯಾಗಿ ಸೇರಿತೋ ಎಂಬ ಚಿಂತೆ ನನಗೆ.

ಕೆಲಸದ ಮಾತಿಗೆ ಬರುತ್ತೇನೆ. ಹಳೆಯ ಅಕ್ಷರವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ಬಳಸಿ ಲೇಖನಗಳನ್ನು ಒಂದೊಂದಾಗಿ ತಿರುಗಿಸುತ್ತಿದ್ದೇನೆ. ಅರ್ಕಾವೊತ್ತು ಕೆಲವು ಕಡೆ ಅಕ್ಷರ ದಾಟಿ ಮುಂದೆ ಹೋಗಿ ಕೂತಿದೆ, ನಡುವಿದ್ದ ಇಂಗ್ಲಿಷ್ ಹೆಸರುಗಳು ಯಾರ ಬಾಯಿಗೂ ಬಾರದ ಕನ್ನಡವಾಗಿವೆ. ಕೈಯಿಂದ ತಿದ್ದಬೇಕು, ತಿದ್ದುತ್ತೇನೆ, ಮಾಸ್ತರನಿಗೆ ಕೆಂಪು ಶಾಯಿ ಹೊಸದಲ್ಲ. ಜಯದೇವಿತಾಯಿಯವರ ಲೇಖನ ಹೀಗೆ ತಿರುಗಿಸಿದ ಮೇಲೆ ಎಂಥ ಚಂದಾಗಿ ಸಿಕ್ಕಿತೆಂದರೆ, ಹೆಸರು ಪೂರ್ತಿ ಬರೆಯುವುದರೊಳಗೆ ತಾವು ತಂದು ಮುಂದಿಟ್ಟಿರಿ. ಅದಕ್ಕೆ ಧನ್ಯವಾದ ಸಲ್ಲಿಸುತ್ತೇನೆ. ಇನ್ನು ಮುಂದೆ ಮನೆಯದನ್ನು ಕೇಳಿದಾಗ ಮೊದಲು ಮನೆಯದನ್ನೇ ತೋರಿಸಬೇಕು. ದಫ್ತರದಲ್ಲಿ ಇಲ್ಲದ್ದಕ್ಕೆ ‘ಇಲ್ಲ’ ಎನ್ನದೆ ‘ನಾನು ಆ ಕಡೆ ಹೋಗಿಲ್ಲ’ ಎಂದು ಖರೆ ಹೇಳಬೇಕು. ಸೊಲ್ಲಾಪುರವನ್ನು ಹೇಗೆ ಬರೆದರೂ ಸೊಲ್ಲಾಪುರವೆಂದು ತಿಳಿಯಬೇಕು. ಅಂಗಡಿಯ ಹುಡುಗ ಇನ್ನೊಮ್ಮೆ ತಮ್ಮನ್ನು ಅಮಾನತ್ತು ಮಾಡಲು ಬಂದರೆ ನಾನು ಅಡ್ಡ ನಿಲ್ಲುತ್ತೇನೆ, ಆ ಭರವಸೆ ಕೊಡುತ್ತೇನೆ.

ಸಾತಬಾರಾ ಇನ್ನೂ ಸಿಕ್ಕಿಲ್ಲ. ಸೋಮವಾರ ತಲಾಠಿಗಳ ಹತ್ತಿರ ಹೋಗಿ ಹೊಸ ಉತಾರಾ ತೆಗೆಸುವವನಿದ್ದೇನೆ.

ತಮ್ಮ ವಿಶ್ವಾಸಿ,
ಅರ್ಜಿದಾರ
(ಸಹಿಯ ಸ್ಕ್ಯಾನ್ ಇದೇ ಗಣಕದಲ್ಲಿ ಎಲ್ಲೋ ಇದೆ. ಸಿಕ್ಕ ಕೂಡಲೇ ಇಲ್ಲಿ ಅಂಟಿಸಲಾಗುವುದು.)