ಕೋಚ್‌ಮೀಮಾಂಸಕರು

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ಕಬಡ್ಡಿ, ವಾಲಿಬಾಲ್ ಆಡುವವರು ಬಹಳ, ಫುಟ್‌ಬಾಲ್ ಆಡುವವರು ಅದಕ್ಕಿಂತ ಕಡಿಮೆ. ಆದರೆ ಭಾರತ ಫುಟ್‌ಬಾಲ್ ತಂಡಕ್ಕೆ ಯಾರು ಕೋಚ್ ಆಗಬೇಕು ಎಂಬುದನ್ನು ಖಚಿತವಾಗಿ ಬಲ್ಲವರಿಗೆ ಈ ಮೂರೂ ತಾಲ್ಲೂಕುಗಳಲ್ಲಿ ಎಂದೂ ಬರ ಬಂದದ್ದಿಲ್ಲ. ಈ ವರ್ಗದವನನ್ನು ಇಲ್ಲಿ ಕೋಚ್‌ಮೀಮಾಂಸಕ ಎಂದು ಕರೆಯಲಾಗಿದೆ. ಎದುರಾಳಿಯ ವಾದವನ್ನು ಪೂರ್ವಪಕ್ಷವೆಂದು ಮೊದಲು ನಿಲ್ಲಿಸಿ, ಆಮೇಲೆ ಅದನ್ನು ಕೆಡವಿ, ಉಳಿದದ್ದನ್ನು ಸಿದ್ಧಾಂತವೆಂದು ಸಾರುವ ಶಾಸ್ತ್ರಕ್ಕೆ ಮೀಮಾಂಸೆಯೆಂದು ಹೆಸರು. ಯಜ್ಞವಾಕ್ಯದ ಅರ್ಥ ನಿರ್ಣಯಿಸುವವನು ಯಜ್ಞವನ್ನೂ ತಾನೇ ಮಾಡಬೇಕೆಂಬ ಕಟ್ಟಳೆ ಆ ಶಾಸ್ತ್ರದಲ್ಲಿ ಇಲ್ಲದಿರುವಂತೆ, ಇವನೂ ಚೆಂಡನ್ನು ಒದೆಯಬೇಕಾದ ಪ್ರಮೇಯವಿಲ್ಲ.

ಇವನ ವಿದ್ಯೆ ಫಲ ಬಿಡುವುದು ಮಳೆಗಾಲದಲ್ಲಿ. ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದಕ್ಕೆ ಈ ಸೀಮೆಯಲ್ಲಿ ಮದ್ದು ಬಿಡುವುದು ಎನ್ನುತ್ತಾರೆ. ಮದ್ದು ಕದಡಿಟ್ಟು, ಮಳೆ ಬಿಡುವು ಕೊಡುವುದನ್ನೇ ಕಾಯುತ್ತ, ಬಿಸಿ ಗೋಳಿಬಜೆ ಮತ್ತು ಚಾದ ಎದುರು ಕುಳಿತಿರುವ ಹೊತ್ತು ಮನುಷ್ಯನನ್ನು ಸಹಜವಾಗಿಯೇ ತತ್ತ್ವಚಿಂತನೆಗೆ ಹಚ್ಚುತ್ತದೆ. ಭಾರತ ತಂಡದ ಎರಡು ದೊಡ್ಡ ಸೋಲುಗಳು, 2024ರ ಜೂನ್ 11ರಂದು ಕತಾರ್ ಎದುರಿನದು ಮತ್ತು 2025ರ ಜೂನ್ 10ರಂದು ಹಾಂಗ್‌ಕಾಂಗ್ ಎದುರಿನದು, ಇದೇ ಋತುವಿನಲ್ಲಿ ಬಂದುದರಿಂದ ಮೀಮಾಂಸಕನಿಗೆ ಪುರುಸೊತ್ತೂ ವಿಷಯವೂ ಒಟ್ಟಿಗೇ ದೊರೆತವು.

ಸೋಲಿಗೆ ಕಾರಣಗಳು ಹಲವಿದ್ದರೂ ಇವನು ಕೋಚನ್ನೇ ಏಕೆ ಹಿಡಿಯುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಅವನ ತೋಟದಲ್ಲೇ ಇದೆ. ಸುಳ್ಯದ ಸಂಪಾಜೆ, ಅರಂತೋಡು ಕಡೆಯ ಅಡಿಕೆ ತೋಟಗಳನ್ನು ದಶಕಗಳಿಂದ ತಿನ್ನುತ್ತಿರುವ ಹಳದಿ ಎಲೆ ರೋಗಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ. ಮಣ್ಣನ್ನು ಬದಲಿಸುವಂತಿಲ್ಲ, ಮರವನ್ನು ಕಡಿಯಲು ಮನಸ್ಸು ಬಾರದು, ಆದ್ದರಿಂದ ಕೃಷಿಕನು ಗೊಬ್ಬರವನ್ನು ಬದಲಿಸಿ ನೋಡುತ್ತಾನೆ. ಭಾರತದ ಫುಟ್‌ಬಾಲ್ ಒಕ್ಕೂಟ, ಲೀಗ್, ಶಾಲೆಯ ಮೈದಾನ, ಹತ್ತು ವರ್ಷದ ಹುಡುಗನಿಗೆ ಕಲಿಸುವ ಜನ, ಇವೆಲ್ಲ ಮಣ್ಣು ಮತ್ತು ಮರ. ಕೋಚ್ ಎಂದರೆ ಗೊಬ್ಬರ. ಇಷ್ಟು ತಿಳಿದೂ ಗೊಬ್ಬರದ ಬಗ್ಗೆಯೇ ಮಾತಾಡುವುದು ಅವನ ದೌರ್ಬಲ್ಯವಲ್ಲ, ಅನುಭವ.

ಇಗೋರ್ ಸ್ಟಿಮಾಚ್ 1998ರ ವಿಶ್ವಕಪ್ಪಿನಲ್ಲಿ ಮೂರನೆಯ ಸ್ಥಾನ ಪಡೆದ ಕ್ರೊಯೇಷಿಯಾ ತಂಡದಲ್ಲಿ ಆಡಿದವರು, 2019ರಲ್ಲಿ ಭಾರತದ ಕೋಚ್ ಆದವರು. ತಂಡದ ಆಯ್ಕೆಗೆ ಅವರು ದೆಹಲಿ ಕಡೆಯ ಜ್ಯೋತಿಷಿಯೊಬ್ಬರ ಸಲಹೆ ಪಡೆಯುತ್ತಿದ್ದರೆಂದು 2023ರಲ್ಲಿ ಪತ್ರಿಕೆಗಳು ವರದಿ ಮಾಡಿದಾಗ ದೇಶದ ಉಳಿದ ಅಭಿಮಾನಿಗಳು ನಕ್ಕರು, ಪುತ್ತೂರಿನ ಮೀಮಾಂಸಕನು ನಗಲಿಲ್ಲ. ದೈವಸ್ಥಾನದ ಜೀರ್ಣೋದ್ಧಾರಕ್ಕೆ ಮೊದಲು ಅಷ್ಟಮಂಗಲ ಪ್ರಶ್ನೆ ಇಡಿಸುವ, ಅಂದರೆ ಬಲ್ಲವರನ್ನು ಕರೆಸಿ ಕವಡೆಯ ಮೂಲಕ ದೋಷ ಮತ್ತು ಪರಿಹಾರ ತಿಳಿಯುವ, ಊರಿನಲ್ಲಿ ಬೆಳೆದವನಿಗೆ ಜ್ಯೋತಿಷ್ಯದಲ್ಲಿ ತಪ್ಪು ಕಾಣಲಿಲ್ಲ. ಕವಡೆ ಇಲ್ಲದೆ ಹನ್ನೊಂದು ಜನರನ್ನು ಆರಿಸಿದ್ದಷ್ಟೇ ಅವನ ಆಕ್ಷೇಪ. ಸಲಹೆ ಪಡೆದದ್ದೆನ್ನಲಾದ 2022ರ ಏಷ್ಯಾ ಕಪ್ ಅರ್ಹತಾ ಸುತ್ತಿನ ಮೂರೂ ಪಂದ್ಯಗಳನ್ನು ಭಾರತ ಗೆದ್ದಿತ್ತೆಂಬುದು ಪೂರ್ವಪಕ್ಷದವರಿಗೆ ಇಂದಿಗೂ ನುಂಗಲಾರದ ತುತ್ತು. ಕತಾರ್ ವಿರುದ್ಧ ಗೆರೆ ದಾಟಿ ಹೊರಹೋಗಿದ್ದ ಚೆಂಡನ್ನು ಒಳಗೆಳೆದು ಹೊಡೆದ ಗೋಲನ್ನು ರೆಫರಿ ಒಪ್ಪಿ, ಭಾರತ 1-2ರಲ್ಲಿ ಸೋತು ವಿಶ್ವಕಪ್ ಅರ್ಹತೆಯ ದಾರಿಯಿಂದ ಹೊರಬಿದ್ದ ಆರನೆಯ ದಿನ ಸ್ಟಿಮಾಚ್ ವಜಾಗೊಂಡರು. ಆಮೇಲೆ ಒಕ್ಕೂಟವು ಅವರಿಗೆ 4 ಲಕ್ಷ ಡಾಲರ್ ಕೊಟ್ಟು ವಜಾದ ಬಗೆಗಿನ ವ್ಯಾಜ್ಯ ಮುಗಿಸಿತೆಂಬ ಸುದ್ದಿ ಬಂದಾಗ, ಆ ಮೊತ್ತವು ಅಡಿಕೆಯಲ್ಲಿ ಎಷ್ಟು ಕ್ವಿಂಟಲ್ ಆಗುತ್ತದೆಂದು ಲೆಕ್ಕ ಹಾಕದ ಮೀಮಾಂಸಕನಿಲ್ಲ.

ಆದರೆ ಈ ಶಾಸ್ತ್ರದ ಮಹಾಪ್ರಸಂಗ ಮನೋಲೊ ಮಾರ್ಕೆಜ್ ಅವರದು. 2024ರ ಜುಲೈಯಲ್ಲಿ ನೇಮಕಗೊಂಡ ಈ ಸ್ಪೇನಿನವರು ಎಫ್‌ಸಿ ಗೋವಾ ಕ್ಲಬ್ಬಿನ ಕೋಚ್ ಆಗಿಯೂ ಉಳಿದರು. ಒಂದೇ ಮುಹೂರ್ತಕ್ಕೆ ಎರಡು ಮನೆಯ ಮದುವೆ ಒಪ್ಪಿಕೊಂಡ ಪುರೋಹಿತರನ್ನು ಕಂಡವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಎಂಟು ಪಂದ್ಯಗಳಲ್ಲಿ ಒಂದೇ ಗೆಲುವು. ನಾಲ್ಕು ತಂಡಗಳ ಗುಂಪಿನಲ್ಲಿ ತಲಾ ಆರು ಪಂದ್ಯಗಳು ನಡೆದು, ಮೊದಲ ಸ್ಥಾನದ ತಂಡ ಮಾತ್ರ 2027ರ ಏಷ್ಯಾ ಕಪ್ಪಿಗೆ ಹೋಗುವ ಅರ್ಹತಾ ಸುತ್ತಿನಲ್ಲಿ, ಬಾಂಗ್ಲಾದೇಶದೊಡನೆ ಗೋಲಿಲ್ಲದ ಡ್ರಾ, ಹಾಂಗ್‌ಕಾಂಗ್ ಎದುರು ಕೊನೆಯ ಗಳಿಗೆಯ ಪೆನಾಲ್ಟಿಯಿಂದ ಸೋಲು. ನಾಲ್ಕು ಪಂದ್ಯ ಬಾಕಿಯಿರುವಾಗಲೇ, 2025ರ ಜುಲೈ ಆರಂಭದಲ್ಲಿ, ಮಾರ್ಕೆಜ್ ರಥದಿಂದ ಇಳಿದರು.

ರಥ ಎಂಬ ಮಾತು ಇಲ್ಲಿ ಅಲಂಕಾರಕ್ಕಲ್ಲ. ವೇಷ, ಕುಣಿತಗಳಿಲ್ಲದೆ ಕುಳಿತಲ್ಲೇ ಮಾತಿನಿಂದ ಪಾತ್ರ ಕಟ್ಟುವ ಯಕ್ಷಗಾನ ಪ್ರಕಾರವಾದ ತಾಳಮದ್ದಳೆಯನ್ನು ಕೇಳಿ ಬೆಳೆದ ಈ ಸೀಮೆಯವರಿಗೆ ಕರ್ಣಪರ್ವದ ಶಲ್ಯನು ಅಪರಿಚಿತನಲ್ಲ. ಸರ್ಪಾಸ್ತ್ರವನ್ನು ಮತ್ತೆ ತೊಡಲು ಒಪ್ಪದ ಕರ್ಣನ ಮೇಲೆ ಮುನಿದು, ಯುದ್ಧದ ನಡುವೆಯೇ ಸಾರಥ್ಯ ಬಿಟ್ಟುಹೋದವನು ಅವನು. ಶಲ್ಯನು ಮಾಡಿದ್ದು ಸರಿಯೇ ಎಂಬ ಬಗ್ಗೆ ಅರ್ಥಧಾರಿಗಳು, ಅಂದರೆ ಪದ್ಯಕ್ಕೆ ಸ್ವಂತ ಮಾತಿನಲ್ಲಿ ಅರ್ಥ ಹೇಳುವವರು, ಇರುಳು ಬೆಳಗು ಮಾಡಬಲ್ಲರು. ಒಕ್ಕೂಟದ ಪ್ರಕಟಣೆಯಲ್ಲಿ ‘ಪರಸ್ಪರ ಒಪ್ಪಿಗೆಯಿಂದ’ ಎಂದಿತ್ತು. ಶಲ್ಯನು ತಾನಾಗಿ ಇಳಿದನೋ, ಕರ್ಣನೇ ಇಳಿಸಿದನೋ, ರಥವೇ ಬೇಡವೆಂದಿತೋ ಎಂದು ಮೂರು ಪಕ್ಷ ಹುಟ್ಟಲು ಅಷ್ಟೇ ಸಾಕಾಯಿತು. ಗೋಲು ಹೊಡೆಯುವವರೇ ಇಲ್ಲದೆ, ನಿವೃತ್ತರಾಗಿದ್ದ ಸುನಿಲ್ ಛೆಟ್ರಿಯವರನ್ನು 40ರ ವಯಸ್ಸಿನಲ್ಲಿ ಮತ್ತೆ ಕರೆಸಿದ್ದನ್ನು ಎತ್ತಿದವನಿಗೆ, ಅದು ಭೀಷ್ಮಪರ್ವದ ವಿಷಯ, ಇಂದಿನ ಪ್ರಸಂಗಕ್ಕೆ ಸಲ್ಲದು ಎಂದು ಬಾಯಿ ಮುಚ್ಚಿಸುವುದು ರೂಢಿ.

ತಾಲ್ಲೂಕಿಗೆ ತಕ್ಕಂತೆ ಮೀಮಾಂಸಕನ ಒಳಜಾತಿಗಳೂ ಉಂಟು. ಪುತ್ತೂರಿನವನಿಗೆ ವಾಗ್ವೈಭವ ಹೆಚ್ಚು. ಕೇರಳದ ಗಡಿಗೆ ತಾಗಿದ ಸುಳ್ಯದವನು ಮಲಯಾಳಂ ವೀಕ್ಷಕ ವಿವರಣೆ ಕೇಳಿ ಪಳಗಿದವನಾದ್ದರಿಂದ, ಮಲಯಾಳಿ ಆಟಗಾರ ಸಹಲ್ ಅಬ್ದುಲ್ ಸಮದ್ ಅವರನ್ನು ಆಡಿಸದ ಯಾವ ಕೋಚನ್ನೂ ಕ್ಷಮಿಸನು. ಕಡಬದವನು ಮಿತಭಾಷಿ, ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಬಂದುಹೋಗುವ ಕಾರಣ ಗೋಲು ಅವನಿಗೆ ತಡವಾಗಿ ತಲುಪುತ್ತದೆ, ಆದ್ದರಿಂದ ತೀರ್ಪನ್ನು ಅವನು ಪಂದ್ಯಕ್ಕೆ ಮೊದಲೇ ಕೊಟ್ಟಿರುತ್ತಾನೆ. ಸುಳ್ಯ ತಾಲ್ಲೂಕಿನಲ್ಲಿದ್ದ ಸುಬ್ರಹ್ಮಣ್ಯವು ಒಂದು ಹೆಜ್ಜೆಯೂ ಸರಿಯದೆ ಕಡಬ ತಾಲ್ಲೂಕಿಗೆ ಸೇರಿದ್ದನ್ನು ಕಂಡವನು ಅವನು. ಹೆಸರು ಬದಲಾದರೆ ಎಷ್ಟು ಬದಲಾಗುತ್ತದೆಂಬುದನ್ನು ಅವನಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ತೆರವಾದ ಹುದ್ದೆಗೆ 170 ಅರ್ಜಿಗಳು ಬಂದವು. ಬಾರ್ಸಿಲೋನಾದ ಚಾವಿ, ಪೆಪ್ ಗಾರ್ಡಿಯೋಲಾ ಇಬ್ಬರ ಹೆಸರಿನಲ್ಲೂ ಇಮೇಲ್ ಬಂದು, ಅವು ಅಸಲಿಯಲ್ಲವೆಂದು ಒಕ್ಕೂಟ ತಿಳಿಸುವವರೆಗಿನ ಒಂದೆರಡು ದಿನ ಮೀಮಾಂಸಕನ ಬಾಳಿನ ಸುವರ್ಣಯುಗ. ಆಗಲೂ ಕಡಬದವನು ಹೇಳಿದ್ದು ಒಂದೇ ಮಾತು: “ಚಾವಿ ಬಂದು ಎಂತ ಮಾಡುವುದು ಮಾರಾಯ್ರೆ, ಬಾಗಿಲು ಬೇಡವಾ?”

ಆಗಸ್ಟ್ 1ರಂದು ಖಾಲಿದ್ ಜಮೀಲ್ ನೇಮಕಗೊಂಡರು. ಐಜಾಲ್‌ನಂಥ ಸಣ್ಣ ಕ್ಲಬ್ಬನ್ನು 2017ರಲ್ಲಿ ಐ-ಲೀಗ್ ಚಾಂಪಿಯನ್ ಮಾಡಿದ, 13 ವರ್ಷಗಳ ಬಳಿಕ ಈ ಹುದ್ದೆಗೆ ಬಂದ ಭಾರತೀಯ. ಮೂರು ಪಕ್ಷದವರೂ ಒಮ್ಮೆಗೇ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರನ್ನು ನೆನೆದರು. ಶಾಲಾ ಶಿಕ್ಷಕರಾಗಿದ್ದ ಅವರು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ನಾಲ್ಕನೆಯ ಸ್ಥಾನಕ್ಕೂ 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನಕ್ಕೂ ಒಯ್ದವರು. ಮಾಷ್ಟ್ರುಗಳಿಗೆ ಮರ್ಯಾದೆ ಕೊಡುವ ಊರಿನಲ್ಲಿ ‘ರಹೀಂ ಮಾಷ್ಟ್ರು’ ಎಂದ ಮೇಲೆ ಎದುರುವಾದವಿಲ್ಲ. ಸೆಪ್ಟೆಂಬರ್‌ನಲ್ಲಿ ಒಮಾನನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮಧ್ಯ ಏಷ್ಯಾದ ಟೂರ್ನಿಯೊಂದರಲ್ಲಿ ಭಾರತ ಮೂರನೆಯದಾದಾಗ, ತಾನಿದನ್ನು ಮೊದಲೇ ಹೇಳಿದ್ದೆನೆಂದು ಘೋಷಿಸಿದವರ ಸಂಖ್ಯೆ ಮೂರು ತಾಲ್ಲೂಕುಗಳ ಒಟ್ಟು ಮೀಮಾಂಸಕರ ಸಂಖ್ಯೆಯನ್ನೂ ಮೀರಿತ್ತು.

ಅಕ್ಟೋಬರ್ 14ರಂದು ಗೋವಾದ ಮಡಗಾಂವ್‌ನಲ್ಲಿ ಮೊದಲು ಗೋಲು ಹೊಡೆದೂ ಸಿಂಗಾಪುರಕ್ಕೆ 1-2ರಿಂದ ಸೋತು ಭಾರತದ ಅರ್ಹತೆಯ ಆಸೆ ಮುಗಿಯಿತು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತಿತು, ಫಿಫಾ ಪಟ್ಟಿಯಲ್ಲಿ ಸ್ಥಾನ 142ಕ್ಕೆ ಇಳಿಯಿತು. ಆದರೂ ಆ ಸೋಲುಗಳ ಬೆನ್ನಿಗೆ ಕೋಚ್ ಬದಲಾಗಲಿಲ್ಲ, ಮೀಮಾಂಸಕನನ್ನು ನಿಜವಾಗಿ ನೋಯಿಸಿದ್ದು ಇದೇ. ಏಷ್ಯಾ ಕಪ್ 2027ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ನಡೆಯುತ್ತದೆ. ಆ ತಿಂಗಳು ಮೂರೂ ತಾಲ್ಲೂಕುಗಳಲ್ಲಿ ಅಡಿಕೆ ಕೊಯ್ಲು.